ಬಲರೆಕ್ಕೆಯ ಕಾವಲಿಗೆ ಎಲ್ಫ್ರೀಡಾ

ಬೆಳಗಿನ ಐದೂಮುಕ್ಕಾಲು. ಸಮುದ್ರದಿಂದ ಎದ್ದು ಬಂದ ಮಂಜು ವಿಮಾನ ನಿಲ್ದಾಣದ ಕಾಂಕ್ರೀಟ್ ಅಂಗಳದ ಮೇಲೆ ಠಿಕಾಣಿ ಹೂಡಿದೆ, ಸದ್ಯಕ್ಕೆ ಹೊರಡುವ ಲಕ್ಷಣವಿಲ್ಲ. ಅದರೊಳಗೆ ಎಲ್ಫ್ರೀಡಾ ಪಾರ್ಡಿ ತಲೆ ತಗ್ಗಿಸಿಕೊಂಡು, ಬಿದ್ದ ಸೂಜಿ ಹುಡುಕುವವರ ಹಾಗೆ ನಡೆಯುತ್ತಿದ್ದಾರೆ. ಉಣ್ಣೆ ಟೋಪಿಯ ಮೇಲೆ ಕಿವಿಗವಚ, ಮೈಮೇಲೆ ಕಣ್ಣಿಗೆ ಹೊಡೆಯುವ ಹಳದಿ ಅಂಗಿ, ಕಂಕುಳಲ್ಲಿ ಎರಡು ಬೆಳಕಿನ ಕೋಲು. ಆಗೊಮ್ಮೆ ಈಗೊಮ್ಮೆ ಬಗ್ಗಿ ಏನನ್ನೋ ಎತ್ತಿ ಸೊಂಟದ ಚೀಲಕ್ಕೆ ಹಾಕುತ್ತಾರೆ. ಇವತ್ತು ಇಷ್ಟು ಹೊತ್ತಿಗೆ ಸಿಕ್ಕಿದ್ದು ಸೂಟ್‌ಕೇಸಿನ ಒಂದು ಚಕ್ರ, ಎರಡು ತಿರುಪು, ಮಗುವಿನ ಒಂದು ಕೈಗವಸು.

"ಮೊನ್ನೆ ಒಂದು ಹಲ್ಲುಸೆಟ್ಟು ಸಿಕ್ಕಿತ್ತು. ಮೇಲಿನ ದವಡೇದು," ಎನ್ನುತ್ತಾರೆ ಎಲ್ಫ್ರೀಡಾ, ನಡಿಗೆ ನಿಲ್ಲಿಸದೆ. "ಕಳ್ಕೊಂಡಿದ್ದೀನಿ ಅಂತ ಕೇಳ್ಕೊಂಡು ಯಾರೂ ಬರ್ಲಿಲ್ಲ. ಬಾಯಿ ಬಿಟ್ರೆ ತಾನೇ ಕೇಳೋದು, ಪಾಪ."

ಇದನ್ನೆಲ್ಲ ಎತ್ತದೆ ಬಿಟ್ಟರೆ ಇಂಜಿನ್ ಎತ್ತಿಕೊಳ್ಳುತ್ತದೆ. ವಿಮಾನದ ಇಂಜಿನ್ನಿಗೆ ಬಾಯಿ ದೊಡ್ಡದು, ವಿವೇಚನೆ ಕಡಿಮೆ. ಎದುರಿಗೆ ಬಿದ್ದಿದ್ದನ್ನೆಲ್ಲ ಒಳಗೆ ಎಳೆದುಕೊಂಡು ಆಮೇಲೆ ಒದ್ದಾಡುತ್ತದೆ. ಆದ್ದರಿಂದ ಪ್ರತಿ ವಿಮಾನ ಬರುವ ಮೊದಲು ಅದು ನಿಲ್ಲುವ ಜಾಗವನ್ನು ಎಲ್ಫ್ರೀಡಾ ಒಂದು ಸುತ್ತು ನಡೆದು ನೋಡುತ್ತಾರೆ. ದಿನಕ್ಕೆ ಹನ್ನೊಂದು ವಿಮಾನ, ಹದಿನೇಳು ಸಾವಿರ ಹೆಜ್ಜೆ. ಎಣಿಸುವುದು ಅವರಲ್ಲ, ಮಗಳು ಕೊಟ್ಟ ಕೈಗಡಿಯಾರ. "ಸಂಜೆ ಅದು ನನಗೆ ಶಾಭಾಷ್ ಹೇಳತ್ತೆ. ಇಪ್ಪತ್ತೇಳು ವರ್ಷದಲ್ಲಿ ಹಾಗೆ ಹೇಳಿದ್ದು ಅದೊಂದೇ," ಎಂದು ನಗುತ್ತಾರೆ.

ಆದರೆ ಕಸ ಆರಿಸುವುದು ಅವರ ಅರ್ಧ ಕೆಲಸ. ಇನ್ನರ್ಧವೇ ಮುಖ್ಯ. ಎಲ್ಫ್ರೀಡಾ ವಿಮಾನದ ಬಲರೆಕ್ಕೆ ಕಾಯುತ್ತಾರೆ.

ಓಡುದಾರಿಯಿಂದ ಹೊರಳಿ ಬಂದ ವಿಮಾನವನ್ನು ಅದರ ಜಾಗಕ್ಕೆ ತಂದು ನಿಲ್ಲಿಸಲು ಇಲ್ಲಿ ಮೂವರು ಬೇಕು. ಮುಂದೆ, ಪೈಲಟ್ ಕಣ್ಣಿಗೆ ಕಾಣುವಂತೆ ನಿಂತು ಬಾ ಬಾ ಎಂದು ಸನ್ನೆ ಮಾಡುವವನು ಒಬ್ಬ, ಎಡರೆಕ್ಕೆಗೊಬ್ಬರು, ಬಲರೆಕ್ಕೆಗೊಬ್ಬರು. ಕೂತ ಜಾಗದಿಂದ ಪೈಲಟ್‌ಗೆ ತನ್ನದೇ ರೆಕ್ಕೆಯ ತುದಿ ಸರಿಯಾಗಿ ಕಾಣುವುದಿಲ್ಲ. ನೂರೈವತ್ತು ಜನರನ್ನು ಹೊತ್ತು ಮೋಡದ ಮೇಲೆ ಹಾರಿ ಬಂದವರು ಕೊನೆಯ ನೂರು ಗಜಕ್ಕೆ ಎಲ್ಫ್ರೀಡಾ ಅವರ ಕಣ್ಣನ್ನು ಕಡ ಪಡೆಯಬೇಕು. ಅವರ ಕೈಯಲ್ಲಿನ ಬೆಳಕಿನ ಕೋಲು ನೆಟ್ಟಗೆ ಮೇಲಕ್ಕಿದ್ದರೆ ದಾರಿ ಸಲೀಸು. ಎರಡೂ ಕೋಲು ಅಡ್ಡಡ್ಡವಾಗಿ ಕತ್ತರಿಯಾದರೆ ನಿಲ್ಲು. ಕತ್ತರಿ ಹಿಡಿದವರು ಯಾರು, ಹೊಸಬರೋ ಹಳಬರೋ, ನೆಲ ಗುಡಿಸುವವರೋ ಎಂದು ಯಾರೂ ನೋಡುವುದಿಲ್ಲ. ಯಾಕೆ ಎಂದೂ ಕೇಳುವುದಿಲ್ಲ. ಮೊದಲು ಚಕ್ರ ನಿಲ್ಲಬೇಕು, ಪ್ರಶ್ನೆ ಆಮೇಲೆ.

ಒಳಗೆ ಕೂತವರ ಲೆಕ್ಕವೇ ಬೇರೆ. ಚಕ್ರ ನೆಲ ಮುಟ್ಟಿತೆಂದರೆ ಗಂಡಾಂತರ ಮುಗಿಯಿತು ಎಂದು ಅವರ ನಂಬಿಕೆ. ಫೋನು ಹೊರಗೆ ಬರುತ್ತದೆ, ಸೀಟಿನ ಪಟ್ಟಿ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ, ಕೈ ತಲೆಯ ಮೇಲಿನ ಗೂಡಿನ ಕಡೆ ಹೋಗುತ್ತದೆ. ಕೆಳಗೆ ಮಂಜಿನಲ್ಲಿ ಅರವತ್ತು ವರ್ಷದ ಹೆಂಗಸೊಬ್ಬರು ಎರಡೂ ಕೈ ಎತ್ತಿಕೊಂಡು ನಿಂತಿರುವುದು ಒಬ್ಬರ ಕಣ್ಣಿಗೂ ಬೀಳುವುದಿಲ್ಲ.

ಎಲ್ಫ್ರೀಡಾ ಅವರ ಕಣ್ಣು ಪಳಗಿದ್ದು ವಿಮಾನದ ಬಳಿ ಅಲ್ಲ, ಮೀನಿನ ಬಳಿ. ಹದಿನೇಳನೇ ವಯಸ್ಸಿಗೆ ಊರಿನ ಮೀನು ಕಾರ್ಖಾನೆ ಸೇರಿದವರನ್ನು ಬೆಳಕಿನ ಮೇಜಿಗೆ ಹಾಕಿದರು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು. ಅದರ ಮೇಲೆ ಕಾಡ್ ಮೀನಿನ ಸೀಳುಗಳು ಒಂದಾದ ಮೇಲೊಂದು ಬರುತ್ತವೆ. ಮಾಂಸದೊಳಗೆ ನೂಲಿನಷ್ಟು ಸಣ್ಣ ಹುಳ ಕಂಡರೆ ಚಿಮಟದಿಂದ ಎತ್ತಬೇಕು. ದಿನವಿಡೀ ನಿಂತು ಹತ್ತು ವರ್ಷ ಅವರು ಮಾಡಿದ್ದು ಇದನ್ನೇ. "ಹುಳ ಹುಡುಕಬಾರ್ದು. ಹುಡುಕಿದ್ರೆ ಸಿಗಲ್ಲ. ಸುಮ್ನೆ ಮೀನು ನೋಡ್ಬೇಕು. ಮೀನಲ್ಲದೇ ಇರೋದು ತಾನಾಗೇ ಕಣ್ಣಿಗೆ ಬಂದು ಚುಚ್ಚತ್ತೆ," ಎಂದು ಅವರು ಆ ವಿದ್ಯೆಯನ್ನು ವಿವರಿಸುತ್ತಾರೆ.

ತೊಂಬತ್ತೆರಡರಲ್ಲಿ, ಸಮುದ್ರದಲ್ಲಿ ಮೀನು ಬರಿದಾಗಿದೆಯೆಂದು, ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಕಾರ್ಖಾನೆಗೆ ಬೀಗ ಬಿತ್ತು, ಅರ್ಧ ನ್ಯೂಫೌಂಡ್‌ಲ್ಯಾಂಡ್ ದ್ವೀಪವೇ ಗಂಟುಮೂಟೆ ಕಟ್ಟಿ ಪಶ್ಚಿಮದ ಎಣ್ಣೆ ಬಾವಿಗಳ ಕಡೆ ಹೊರಟಿತು. ಎಲ್ಫ್ರೀಡಾ ಹೋಗಲಿಲ್ಲ. ಗಂಡ ಸೆಲ್ಬಿಗೆ ದೋಣಿ ಸಾಗಾಟದಲ್ಲಿ ಕೆಲಸವಿತ್ತು, ಮಗಳಿಗೆ ಮೂರು ವರ್ಷ. ಐದಾರು ವರ್ಷ ಕಂಡಕಂಡ ಕೆಲಸ ಮಾಡಿ, ಕೊನೆಗೆ ವಿಮಾನಗಳ ನೆಲದ ಕೆಲಸ ನೋಡಿಕೊಳ್ಳುವ ಕಂಪನಿಗೆ ಸೇರಿದರು. ಊರು ಬಿಟ್ಟವರನ್ನೆಲ್ಲ ಹೊತ್ತು ಹೋಗಿ ಹೊತ್ತು ತರುವ ವಿಮಾನಗಳು ಅಂದಿನಿಂದ ಅವರ ಕೈ ನೋಡಿಯೇ ಒಳಗೆ ಬರುತ್ತಿವೆ. ಈ ಇಪ್ಪತ್ತೇಳು ವರ್ಷಗಳಲ್ಲಿ ಅವರು ಕತ್ತರಿ ಹಿಡಿದದ್ದು ಒಂಬತ್ತು ಸಲ. ಎಂಟು ಸಲ ಕಾರಣ ಎಲ್ಲರ ಕಣ್ಣಿಗೂ ಕಂಡಿತ್ತು. ಗಾಳಿಗೆ ಉರುಳಿ ಬಂದ ಸರಕಿನ ತೊಟ್ಟಿ, ದಾರಿ ತಪ್ಪಿ ನುಗ್ಗಿದ ಹಿಮ ತೆಗೆಯುವ ಗಾಡಿ, ಒಮ್ಮೆ ಒಂದು ನರಿ.

ಒಂಬತ್ತನೆಯದು ಈ ಮಾರ್ಚಿನದು. ಅದರ ಮಾತೆತ್ತಿದರೆ ಎಲ್ಫ್ರೀಡಾ ಇವತ್ತಿಗೂ ಒಂದು ಸಲ ಉಸಿರು ಬಿಟ್ಟುಕೊಳ್ಳುತ್ತಾರೆ.

ಅವತ್ತೂ ಹೀಗೇ ಮಂಜು, ಜೊತೆಗೆ ಹಿಂದಿನ ದಿನ ಬಿದ್ದ ಹಿಮ. ಪಶ್ಚಿಮದ ಕ್ಯಾಲ್ಗರಿಯಿಂದ ರಾತ್ರಿಯಿಡೀ ಹಾರಿದ ವಿಮಾನ ಎಂದಿನಂತೆ ಆರು ಗಂಟೆಗೆ ಬಂತು. ಎಣ್ಣೆ ಬಾವಿಗಳಲ್ಲಿ ವಾರಗಟ್ಟಲೆ ದುಡಿದು ಮನೆಗೆ ಮರಳುವವರೇ ಅದರಲ್ಲಿ ಹೆಚ್ಚು. ಮುಂದೆ ಸನ್ನೆಗೆ ನಿಂತವರು ಲಿಯಾಂಡರ್ ಕೊಯಿಶ್. ಎಲ್ಫ್ರೀಡಾ ಜೊತೆ ಹದಿನಾರು ವರ್ಷ ಕೆಲಸ ಮಾಡಿದವರು. ಬಲರೆಕ್ಕೆಯ ಪಕ್ಕ, ಕೆಂಪು ಗೆರೆಯ ಆಚೆ, ಪೆಟ್ಟಿಗೆಗಳನ್ನು ವಿಮಾನದ ಹೊಟ್ಟೆಗೆ ಏರಿಸುವ ಬೆಲ್ಟ್ ಗಾಡಿಗಳು ಸಾಲಾಗಿ ನಿಂತಿದ್ದವು. ವಿಮಾನ ನಡೆದು ಬರುವಾಗ ಯಾವ ಗಾಡಿಯೂ ಆ ಗೆರೆ ದಾಟಿರಬಾರದು.

ಗೆರೆಯ ವಿಷಯದಲ್ಲಿ ಈ ಅಂಗಳದ ಜನ ತಮ್ಮದೇ ಒಂದು ರೂಢಿ ಮಾಡಿಕೊಂಡಿದ್ದರು. ಚಕ್ರ ಒಳಗಿದ್ದರೆ ಗಾಡಿ ಒಳಗೆ; ಒಳಗೆಂದರೆ ಗೆರೆಯ ಆಚೆ, ಗಾಡಿ ನಿಲ್ಲುವ ಜಾಗ. ಬೆಲ್ಟ್ ಗಾಡಿಯ ಉದ್ದನೆಯ ಮೂತಿ ಚಕ್ರಗಳಿಗಿಂತ ಒಂದು ಆಳುದ್ದ ಮುಂದೆ ಚಾಚಿರುತ್ತದೆ, ಅದು ಗೆರೆಯ ಈಚೆ ಇಣುಕುತ್ತಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೂತಿ ಇಳಿಸಿದ್ದರೆ ರೆಕ್ಕೆ ಅದರ ಮೇಲಿಂದ ಆರಾಮಾಗಿ ದಾಟುತ್ತದೆ. ಎಲ್ಫ್ರೀಡಾ ವರ್ಷಕ್ಕೆರಡು ಸಲ ಗೊಣಗುತ್ತಿದ್ದರು, ಉಳಿದವರು ವರ್ಷಕ್ಕೆರಡು ಸಲ ತಲೆಯಾಡಿಸುತ್ತಿದ್ದರು.

"ಅವತ್ತು ಮೂತಿ ಮೇಲಿತ್ತು," ಎನ್ನುತ್ತಾರೆ ಎಲ್ಫ್ರೀಡಾ. "ರೆಕ್ಕೆ ಎತ್ತರಕ್ಕೆ. ಮಂಜಲ್ಲಿ ಮೊದ್ಲು ಕಾಣ್ಲಿಲ್ಲ. ವಿಮಾನದ ದೀಪ ಹೊರಳಿದಾಗ ಕಪ್ಪಗೆ ಏನೋ ಒಂದು ಕಂಡ್ತು. ಯೋಚ್ನೆ ಮಾಡೋಕೆ ಎಲ್ಲಿ ಪುರುಸೊತ್ತು? ಕೈ ತಾನಾಗೇ ಕತ್ತರಿ ಆಯ್ತು."

ಲಿಯಾಂಡರ್‌ಗೆ ಗಾಡಿ ಕಾಣಲಿಲ್ಲ, ಎಲ್ಫ್ರೀಡಾ ಅವರ ಕತ್ತರಿ ಕಂಡಿತು. ಅವರೂ ಕತ್ತರಿ ಹಿಡಿದರು. ಪೈಲಟ್ ಬ್ರೇಕ್ ಒತ್ತಿದರು, ವಿಮಾನ ಮುಗ್ಗರಿಸಿ ನಿಂತಿತು. ಒಳಗೆ ಒಬ್ಬರು ಎದ್ದು ನಿಂತಿದ್ದರು. ಮಗಳ ಮನೆಯಿಂದ ಬರುತ್ತಿದ್ದ ಎಪ್ಪತ್ತೆಂಟು ವರ್ಷದ ಯೂಜೀನ್ ಸ್ಟಕ್‌ಲೆಸ್, ಗೂಡಿನಿಂದ ಟೋಪಿ ಇಳಿಸಿಕೊಳ್ಳಲು ಎದ್ದವರು, ಸಾಲುಗಳ ನಡುವೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

ಆಮೇಲೆ ಎಲ್ಲರ ಗಮನ ಅವರ ಮೇಲೆ. ಇಂಜಿನ್ ಆರಿತು, ಮೆಟ್ಟಿಲ ಗಾಡಿ ಬಂತು, ಆಂಬ್ಯುಲೆನ್ಸ್ ಬಂತು. ಎಲ್ಫ್ರೀಡಾ ಕೋಲು ಕೆಳಗಿಟ್ಟು ಮೆಟ್ಟಿಲ ಬುಡಕ್ಕೆ ಓಡಿ, ಆ ಹಿರಿಯರನ್ನು ಇಳಿಸಿಕೊಳ್ಳಲು ಹೆಗಲು ಕೊಟ್ಟರು. ಪಾಳಿಯ ಮೇಲ್ವಿಚಾರಕ ಗಾರ್ಲಂಡ್ ಹಿಸ್ಕಾಕ್ ಟಾರ್ಚ್ ಹಿಡಿದು ಬಲರೆಕ್ಕೆಯ ಕಡೆ ಬರುವ ಹೊತ್ತಿಗೆ ಇಪ್ಪತ್ತೈದು ನಿಮಿಷ ಕಳೆದಿತ್ತು.

"ಎಲ್ಲಿ ಫ್ರೀಡಕ್ಕ, ಏನಿತ್ತು?"

"ಏಳನೇ ನಂಬರ್ ಗಾಡಿ. ಮೂತಿ ಮೇಲಿದೆ ನೋಡು."

ಗಾರ್ಲಂಡ್ ಬೆಳಕು ಬಿಟ್ಟರು. ಏಳನೇ ನಂಬರಿನ ಗಾಡಿ ಸಾಧು ಪ್ರಾಣಿಯಂತೆ ನಿಂತಿತ್ತು. ಮೂತಿ ಪೂರ್ತಿ ಕೆಳಗಿತ್ತು. ಚಕ್ರ ಗೆರೆಯ ಒಳಗಿತ್ತು.

"ಇಳಿದೇ ಇದೆಯಲ್ಲಕ್ಕ."

ಎಲ್ಫ್ರೀಡಾ ನೋಡಿದರು. ಇಳಿದೇ ಇತ್ತು. ವಿಮಾನ ನಿಂತ ಮೇಲೆ ಅದರ ಹತ್ತಿರ ಯಾರೂ ಹೋಗಿರಲಿಲ್ಲ, ಹೋಗಿದ್ದರೆ ಹಿಮದಲ್ಲಿ ಹೊಸ ಹೆಜ್ಜೆ ಗುರುತು ಇರುತ್ತಿತ್ತು. "ಹೋಗಿ ಮೂತಿ ಮುಟ್ಟಿ ನೋಡ್ದೆ. ಕೆಳಗೇ ಇತ್ತು," ಎಂದು ನೆನೆಯುತ್ತಾರೆ.

ಗಾರ್ಲಂಡ್ ಕಂಡದ್ದನ್ನೇ ವರದಿಯಲ್ಲಿ ಬರೆದರು: ಅಡ್ಡಿ ಏನೂ ಕಂಡುಬಂದಿಲ್ಲ. ಪ್ರಯಾಣಿಕರೊಬ್ಬರಿಗೆ ಪೆಟ್ಟಾದ್ದರಿಂದ ಕಂಪನಿ ವಿಚಾರಣೆ ಇಟ್ಟಿತು. ಅದು ಮುಗಿಯುವವರೆಗೆ ಎಲ್ಫ್ರೀಡಾ ಅಂಗಳಕ್ಕೆ ಇಳಿಯುವಂತಿಲ್ಲ, ಒಳಗೆ ಪೆಟ್ಟಿಗೆ ವಿಂಗಡಿಸುವ ಕೋಣೆಯಲ್ಲಿರಬೇಕು ಎಂದಾಯಿತು. ಕಿಟಕಿಯಿಲ್ಲದ ಕೋಣೆ. ಮಾತು ಮಾತ್ರ ಎಲ್ಲ ಸಂದಿಯಿಂದಲೂ ಒಳಗೆ ಬರುತ್ತಿತ್ತು. ವಯಸ್ಸಾಯ್ತಲ್ಲ, ಕಣ್ಣು ಮೊದಲಿನ ಹಾಗಿರಲ್ಲ, ಎಂದು ಒಬ್ಬರು. ಮಂಜಲ್ಲಿ ದೆವ್ವ ಕಂಡಿರಬೇಕು, ಎಂದು ಇನ್ನೊಬ್ಬರು. ಲಿಯಾಂಡರ್ ಒಬ್ಬರೇ ಊಟದ ಕೋಣೆಯಲ್ಲಿ ಮೇಜು ಗುದ್ದಿ ಹೇಳಿದರು: "ಅವಳು ಕತ್ತರಿ ಹಿಡಿದ್ಳು, ನಾನು ನಿಲ್ಲಿಸ್ದೆ. ನಾಳೆ ಹಿಡಿದ್ರೆ ನಾಳೇನೂ ನಿಲ್ಲಿಸ್ತೀನಿ. ದೆವ್ವ ಇದ್ರೆ ದೆವ್ವಕ್ಕೂ ರೆಕ್ಕೆ ತಾಗಬಾರ್ದು."

ಕೆಲಸ ಹೋದೀತು ಎಂಬ ಭಯ ಎಲ್ಫ್ರೀಡಾ ಅವರಿಗೆ ಅಷ್ಟಾಗಿ ಇರಲಿಲ್ಲವಂತೆ. ರಾತ್ರಿ ನಿದ್ದೆಗೆಡಿಸಿದ್ದು ಬೇರೆ. "ಅಲ್ಲಿ ಏನೂ ಇರ್ಲಿಲ್ಲ ಅಂದ್ರೆ, ನಾನು ಸುಮ್ಸುಮ್ನೆ ಒಬ್ಬರ ಕೈ ಮುರಿದ ಹಾಗಾಯ್ತಲ್ಲ? ಅದನ್ನ ಹೊತ್ಕೊಂಡು ಇನ್ನೊಂದ್ ಸಲ ಕೋಲು ಎತ್ತೋದು ಹೇಗೆ?" ಕಣ್ಣಿನ ಡಾಕ್ಟರ ಬಳಿ ಹೋದರು. ವಯಸ್ಸಿಗೆ ಮೀರಿದ ಕಣ್ಣು ಎಂದರು ಡಾಕ್ಟರು. ಆದರೆ ಅವತ್ತು ಏನು ಕಂಡಿತ್ತು ಎಂದು ಹೇಳಲು ಅವರ ಬಳಿಯೂ ಯಂತ್ರವಿರಲಿಲ್ಲ.

ಒಂದು ಶನಿವಾರ ಕಾಕಂಬಿ ಹಾಕಿದ ಎರಡು ಬ್ರೆಡ್ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ, ಯೂಜೀನ್ ಸ್ಟಕ್‌ಲೆಸ್ ಅವರ ಮನೆಗೆ ಹೋದರು. ಬೇಡ ಎಂದು ಎಲ್ಲರೂ ಹೇಳಿದ್ದರು. ಕರಾವಳಿ ಹಡಗಿನಲ್ಲಿ ಮೂವತ್ತು ವರ್ಷ ದುಡಿದ ಆ ಹಿರಿಯರು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಒಲೆಯ ಪಕ್ಕ ಕೂತಿದ್ದರು.

"ಯಜಮಾನ್ರೇ, ಅವತ್ತು ವಿಮಾನ ನಿಲ್ಲಿಸಿದ್ದು ನಾನು."

"ಹೌದಾ? ಬ್ರೆಡ್ ಮಾಡಿದ್ದೂ ನೀನೇನಾ?"

"ಹೌದು."

"ಹಾಗಾದ್ರೆ ಕೂತ್ಕೋ ಹುಡ್ಗಿ. ಬೆಣ್ಣೆ ಹಚ್ಚೋಕೆ ನನಗೆ ಒಂದೇ ಕೈ."

ಚಹಾ ಮುಗಿಯುವ ಹೊತ್ತಿಗೆ ಯೂಜೀನ್ ತಪ್ಪೆಲ್ಲ ತಮ್ಮದೇ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. "ಹಡಗು ದಡಕ್ಕೆ ಕಟ್ಟೋ ಮೊದ್ಲು ಎದ್ದು ನಿಂತೋರನ್ನ ನಾನೇ ಎಷ್ಟು ಸಲ ಬೈದಿಲ್ಲ? ಹಗ್ಗ ಬೀಳೋವರ್ಗೂ ಕೂತಿರ್ರೋ ಕತ್ತೆಗಳಾ ಅಂತ. ಈಗ ನಾನೇ ಕತ್ತೆ ಆದೆ, ಅದೂ ಒಂದು ಟೋಪಿಗೋಸ್ಕರ." ಎಲ್ಫ್ರೀಡಾ ನಕ್ಕರು. ಆದರೆ ಮನೆಗೆ ಬರುವ ದಾರಿಯಲ್ಲಿ ಕಾರು ಬದಿಗೆ ನಿಲ್ಲಿಸಿ ಅತ್ತರು. ಆ ಹಿರಿಯರು ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ.

ಒಳಕೋಣೆಗೆ ಹೋಗಿ ಇಪ್ಪತ್ತೆರಡು ದಿನವಾಗಿತ್ತು. ಭಾನುವಾರ. ಎಲ್ಫ್ರೀಡಾ ಅವರ ಒಲೆಯ ಮೇಲೆ ಉಪ್ಪುಮಾಂಸ, ಎಲೆಕೋಸು, ಗೆಡ್ಡೆ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. ಹಿಂಬಾಗಿಲು ತಟ್ಟಿದ ಸದ್ದಾಯಿತು. ನಮ್ಮ ಕಡೆ ಬಾಗಿಲು ತಟ್ಟುವವರು ಇಬ್ಬರೇ: ಪೊಲೀಸರು ಮತ್ತು ಪಾದ್ರಿಗಳು. ಉಳಿದವರೆಲ್ಲ ಒಳಗೆ ಬಂದು, ಚಹಾ ಬಗ್ಗಿಸಿಕೊಂಡು, ಆಮೇಲೆ ನಮಸ್ಕಾರ ಹೇಳುತ್ತಾರೆ. ಹಾಗಾಗಿ ಸೆಲ್ಬಿ ಗಾಬರಿಯಿಂದಲೇ ಬಾಗಿಲು ತೆಗೆದರು. ಗಾರ್ಲಂಡ್ ಹಿಸ್ಕಾಕ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಒಳಗೆ ಬಾರೋ. ಯಾವಾಗಿಂದ ಬಾಗ್ಲು ತಟ್ಟೋ ದೊಡ್ಡ ಮನುಷ್ಯ ಆದೆ?" ಎಂದರು ಸೆಲ್ಬಿ.

ಗಾರ್ಲಂಡ್ ಕೂರಲಿಲ್ಲ. "ಫ್ರೀಡಕ್ಕ, ಆ ಏಳನೇ ನಂಬರ್ ಗಾಡಿ ಮೂತಿ ತಾನಾಗೇ ಇಳಿಯತ್ತೆ," ಎಂದರು.

ಆಮೇಲೆ ಎಲ್ಲವೂ ಹೊರಗೆ ಬಂತು. ಅವತ್ತು ಜನ ಕಡಿಮೆಯಿದ್ದರು. ವಿಮಾನ ಬರುವ ತುಸು ಮೊದಲು ಏಳನೇ ನಂಬರಿನ ಬೆಲ್ಟಿಗೆ ಹಿಡಿದಿದ್ದ ಮಂಜುಗಡ್ಡೆ ಕೆಡವಲು ಅದರ ಮೂತಿ ಎತ್ತಿದ್ದು ಸ್ವತಃ ಗಾರ್ಲಂಡ್. ನಡುವೆ ಯಾರೋ ಕರೆದರು, ಇಂಜಿನ್ ಆರಿಸಿ ಓಡಿದರು. ಇಳಿಸಿದೆನೋ ಇಲ್ಲವೋ ಎಂದು ಆಮೇಲೆ ನೆನಪಾಗಲಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಮೂತಿ ಕೆಳಗಿದ್ದುದರಿಂದ, ತಾನೇ ಇಳಿಸಿದ್ದೆ ಎಂದು ಮನಸ್ಸು ಒಪ್ಪಿಬಿಟ್ಟಿತು. ನಂಬಿಯೇ ವರದಿ ಬರೆದರು. ಈ ಭಾನುವಾರ ಬೆಳಿಗ್ಗೆ ಮತ್ತೆ ಹಾಗೇ ಆಯಿತು. ಮಂಜುಗಡ್ಡೆ ಕೆಡವಲು ಎತ್ತಿದರು, ಫೋನ್ ಬಂತು, ಒಳಗೆ ಹೋದರು. ಹೊರಗೆ ಬಂದು ನೋಡಿದರೆ ಮೂತಿ ಕೆಳಗಿದೆ. ಈ ಸಲ ಇಳಿಸಿಲ್ಲ ಎಂಬುದು ಖಾತ್ರಿಯಿತ್ತು.

"ಮೈ ಜುಂ ಅಂತು ಅಕ್ಕ. ಮತ್ತೆ ಎತ್ತಿ, ಇಂಜಿನ್ ಆರ್ಸಿ, ಒಂದು ಡಬ್ಬ ಕವುಚಿ ಹಾಕ್ಕೊಂಡು ಎದುರಿಗೇ ಕೂತೆ. ಕಣ್ಣಿಗೆ ಗೊತ್ತಾಗಲ್ಲ, ಅಷ್ಟು ನಿಧಾನಕ್ಕೆ ಇಳಿಯತ್ತೆ. ಮೂತಿ ಎತ್ತಿ ಹಿಡಿಯೋ ಎಣ್ಣೆ ಒಳಗೊಳಗೇ ಸೋರ್ತಾ ಇದೆ. ಹತ್ತೊಂಬತ್ತು ನಿಮಿಷ. ಮೂರು ಸಲ ನೋಡ್ದೆ, ಮೂರು ಸಲಾನೂ ಹತ್ತೊಂಬತ್ತು ನಿಮಿಷ."

ಎಲ್ಫ್ರೀಡಾ ಕೈಚಾಚಿ ಒಲೆಯ ಉರಿ ತಗ್ಗಿಸಿದರು.

"ಹಾಗಾದ್ರೆ ಇತ್ತು," ಎಂದರು ಎಲ್ಫ್ರೀಡಾ.

"ಇತ್ತು ಅಕ್ಕ. ನೀನು ನಿಲ್ಲಿಸ್ದೇ ಹೋಗಿದ್ರೆ ನನ್ನ ಗಾಡಿ ರೆಕ್ಕೆ ಸೀಳ್ತಿತ್ತು. ರೆಕ್ಕೆ ತುಂಬಾ ಇಂಧನ..." ಗಾರ್ಲಂಡ್ ಟೋಪಿಯನ್ನು ಮೇಜಿನ ಮೇಲಿಟ್ಟರು. "ಬರ್ಯೋದೆಲ್ಲ ಬರ್ದು ಕಳ್ಸಿದ್ದೀನಿ. ನಾನೇ ಎತ್ತಿದ್ದು ಅಂತಾನೂ ಬರ್ದಿದ್ದೀನಿ. ಅವ್ರು ಏನ್ ಮಾಡ್ತಾರೋ ಮಾಡ್ಲಿ."

ಎಲ್ಫ್ರೀಡಾ ಕುರ್ಚಿಯ ಮೇಲೆ ಕುಸಿದರು. ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡೂ ಒಟ್ಟಿಗೆ ಬಂದು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರು. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದದ್ದು ಅಲ್ಲಿದ್ದವರಿಗೆಲ್ಲ ಕಂಡಿತು. ಗಾರ್ಲಂಡ್ ಮೇಲೆ ಸಿಟ್ಟು ಬರಲಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. "ಮುಚ್ಚಿಡಬಹುದಿತ್ತಲ್ಲ ಅವನು? ಗಾಡಿ ರಿಪೇರಿಗೆ ಕಳಿಸಿ ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಹೊಟ್ಟೆಪಾಡಿನ ಮುಂದೆ ನಿಜ ಹೇಳೋದು ಸಣ್ಣ ಮಾತಲ್ಲ." ಅವತ್ತು ಗಾರ್ಲಂಡ್‌ಗೆ ಅಲ್ಲೇ ಊಟ. ಎರಡನೇ ಸಲ ಬಡಿಸಲು ಹೋದಾಗ ಬೇಡ ಎಂದು ಅವರು ಕೈ ಅಡ್ಡ ಹಿಡಿದರೆ, ಸೆಲ್ಬಿ, "ನೋಡಪ್ಪಾ, ಈ ಮನೇಲಿ ಕತ್ತರಿ ಹಿಡಿಯೋ ಹಕ್ಕು ಒಬ್ಬಳಿಗೇ. ಮೂವತ್ತೆಂಟು ವರ್ಷದಿಂದ ನಾನು ನಿಲ್ತಾ ಬಂದಿದ್ದೀನಿ," ಎಂದು ಮಾಂಸ ಬಡಿಸಿಯೇಬಿಟ್ಟರು.

ಊಟಕ್ಕೂ ಮೊದಲು ಎಲ್ಫ್ರೀಡಾ ಮಾಡಿದ ಕೆಲಸ ಒಂದು. ಯೂಜೀನ್‌ಗೆ ಫೋನ್ ಮಾಡಿದರು.

"ಯಜಮಾನ್ರೇ, ಅಲ್ಲಿ ಇತ್ತು."

ಆ ಕಡೆಯಿಂದ ಯೂಜೀನ್ ನಕ್ಕರು. "ಇತ್ತಾ? ಸರಿ ಬಿಡು. ಇಷ್ಟು ದಿನ ಟೋಪಿಗೋಸ್ಕರ ಕೈ ಮುರ್ಕೊಂಡೆ ಅಂತ ಊರೆಲ್ಲ ನಗ್ತಿತ್ತು. ಇನ್ಮೇಲೆ ನೂರೈವತ್ತು ಜನಕ್ಕೋಸ್ಕರ ಅಂತ ಹೇಳ್ಕೋತೀನಿ."

ಎರಡು ದಿನದ ನಂತರ ಎಲ್ಫ್ರೀಡಾ ಕೋಲು ಹಿಡಿದು ಮತ್ತೆ ಅಂಗಳಕ್ಕೆ ಇಳಿದರು. ಗಾರ್ಲಂಡ್‌ಗೆ ಒಂದು ಎಚ್ಚರಿಕೆ ಪತ್ರ ಬಂತು, ಕೆಲಸ ಉಳಿಯಿತು. ಏಳನೇ ನಂಬರಿನ ಗಾಡಿ ಗುಜರಿಗೆ ಹೋಯಿತು. ಉಳಿದ ಗಾಡಿಗಳ ಮೂತಿಯ ತುದಿಗೆ ಈಗ ಬಿಳಿ ಬಣ್ಣ ಬಳಿದಿದ್ದಾರೆ. ಹಳೆಯ ರೂಢಿಯೂ ಬದಲಾಗಿದೆ: ಮೂತಿ ಒಳಗಿದ್ದರೆ ಮಾತ್ರ ಗಾಡಿ ಒಳಗೆ. ವರ್ಷಕ್ಕೆರಡು ಸಲ ಗೊಣಗುವ ಕೆಲಸ ತಪ್ಪಿತಲ್ಲ ಎಂದು ಲಿಯಾಂಡರ್ ಛೇಡಿಸಿದರೆ, "ಗೊಣಗೋಕೆ ನೀನಿದ್ದೀಯಲ್ಲ," ಎಂದು ಎಲ್ಫ್ರೀಡಾ ತಿರುಗೇಟು ಕೊಡುತ್ತಾರೆ.

ಈಗ ಮೇ ತಿಂಗಳು. ಆರು ಗಂಟೆ ಐದು ನಿಮಿಷ. ಮಂಜು ಹಾಗೇ ಇದೆ. ಕಸ ಆರಿಸುವುದು ಮುಗಿದಿದೆ, ಗೆರೆಯ ಉದ್ದಕ್ಕೂ ಒಂದೊಂದು ಬಿಳಿ ಮೂತಿಯನ್ನೂ ಮುಟ್ಟಿ ನೋಡಿದ್ದಾಗಿದೆ. ಕ್ಯಾಲ್ಗರಿಯ ವಿಮಾನ ಮೊದಲು ಸದ್ದಾಗಿ ಬರುತ್ತದೆ, ಆಮೇಲೆ ಎರಡು ದೀಪಗಳಾಗಿ, ಕೊನೆಗೆ ವಿಮಾನವಾಗಿ. ಲಿಯಾಂಡರ್ ಮುಂದೆ ನಿಂತು ಕೈ ಬೀಸುತ್ತಾರೆ. ಎಲ್ಫ್ರೀಡಾ ಅವರ ಕೋಲು ನೆಟ್ಟಗೆ ಮೇಲಕ್ಕಿದೆ. ಕಣ್ಣು ರೆಕ್ಕೆಯ ತುದಿಯಿಂದ ಗೆರೆಗೆ, ಗೆರೆಯಿಂದ ರೆಕ್ಕೆಯ ತುದಿಗೆ ಹರಿಯುತ್ತಿದೆ. ಯಾರನ್ನೂ ಹುಡುಕುತ್ತಿಲ್ಲ, ಏನನ್ನೂ ಹುಡುಕುತ್ತಿಲ್ಲ.

ಆದರೂ ರೆಕ್ಕೆಯ ಮೇಲಿನ ಕಿಟಕಿಯೊಂದರಲ್ಲಿ ಏನೋ ಕಣ್ಣಿಗೆ ಚುಚ್ಚುತ್ತದೆ. ಗಾಜಿನ ಹಿಂದೆ ಯಾರೋ ಎರಡೂ ಕೈ ಅಡ್ಡಡ್ಡ ಹಿಡಿದಿದ್ದಾರೆ, ಕತ್ತರಿಯ ಹಾಗೆ. ಒಂದು ಮಣಿಕಟ್ಟಿಗೆ ನೀಲಿ ಪಟ್ಟಿ ಸುತ್ತಿದೆ. ಕತ್ತರಿಯ ನಡುವೆ ನಗುವ ಮುದಿ ಮುಖ. ಎಲ್ಫ್ರೀಡಾ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ, ಕೋಲೂ ಅಲುಗುವುದಿಲ್ಲ. ವಿಮಾನ ತನ್ನ ಗುರುತಿನ ಮೇಲೆ ಬಂದು ಮೆತ್ತಗೆ ನಿಲ್ಲುತ್ತದೆ. ಚಕ್ರಕ್ಕೆ ಅಡ್ಡ ಕೊಟ್ಟ ಮೇಲೆಯೇ ಅವರು ಕೈ ಇಳಿಸುವುದು.

ಅರ್ಧ ಗಂಟೆಯ ನಂತರ ಪೆಟ್ಟಿಗೆ ಬರುವ ಜಾಗದ ಬಾಗಿಲಲ್ಲಿ ಯೂಜೀನ್ ಸ್ಟಕ್‌ಲೆಸ್ ಸಿಗುತ್ತಾರೆ. ಟೋಪಿ ತಲೆಯ ಮೇಲಿದೆ. ಮಗಳ ಮನೆಯಲ್ಲಿ ಮೂರು ವಾರವಿದ್ದು ಬಂದವರು, ಬಲರೆಕ್ಕೆಯ ಕಿಟಕಿಯೇ ಬೇಕೆಂದು ಹಟ ಹಿಡಿದು ಕೂತವರು.

"ಏನಮ್ಮಾ, ಕತ್ತರಿ ಹಿಡಿದ್ರೂ ನಿಲ್ಲಿಸ್ಲೇ ಇಲ್ಲ?"

"ಇನ್ನೊಂದ್ ಸಲ ಅದನ್ನ ತಮಾಷೆಗೆ ಮಾಡಿದ್ರೆ ಇನ್ನೊಂದು ಕೈನೂ ನಾನೇ ಮುರೀತೀನಿ ಯಜಮಾನ್ರೇ," ಎಲ್ಫ್ರೀಡಾ ನಿಜವಾಗಿಯೇ ಗದರುತ್ತಾರೆ. "ನನ್ನ ಜೀವ ಬಾಯಿಗೆ ಬಂದಿತ್ತು. ಕೂತಿದ್ರಾ ಈ ಸಲ?"

"ಪಟ್ಟಿ ಬಿಚ್ಚೋ ಗಂಟೆ ಹೊಡೆಯೋವರ್ಗೂ. ಟೋಪಿ ತೊಡೆ ಮೇಲೇ ಇಟ್ಕೊಂಡಿದ್ದೆ. ಪಕ್ಕದಲ್ಲಿ ಒಬ್ಬ ಎಣ್ಣೆ ಬಾವಿಯೋನು, ಈ ಬಾಗ್ಲಷ್ಟು ಎತ್ತರ, ಏಳೋಕೆ ಹೋದ. ಅಂಗಿ ಹಿಡಿದು ಕೂರಿಸ್ದೆ. ಯಾಕೆ ಅಂದ. ಕೈ ತೋರಿಸ್ದೆ. ಅವನ ಹಿಂದಿನ ಸಾಲಿನೋರೂ ಕೂತ್ರು."

ಎಲ್ಫ್ರೀಡಾ ಅವರ ಸಿಟ್ಟು ಅಲ್ಲಿಗೆ ಇಳಿಯುತ್ತದೆ. ಯೂಜೀನ್ ಅವರ ನೀಲಿ ಪಟ್ಟಿಯ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದು, ಬ್ರೆಡ್ಡಿನ ಹಿಟ್ಟು ನೋಡುವವರ ಹಾಗೆ ಮೆಲ್ಲ ಒತ್ತಿ ನೋಡುತ್ತಾರೆ. ನೋವಿಲ್ಲ ಎಂದು ಯೂಜೀನ್ ತಲೆಯಾಡಿಸುತ್ತಾರೆ. ಮುಂದಿನ ವಿಮಾನಕ್ಕೆ ಇನ್ನು ಹನ್ನೆರಡು ನಿಮಿಷ. ಲಿಯಾಂಡರ್ ಆಗಲೇ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ.

ಇನ್ನು ಮೂರು ವರ್ಷಕ್ಕೆ ಎಲ್ಫ್ರೀಡಾ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಕಿವಿಗವಚ ಏರಿಸಿಕೊಳ್ಳುತ್ತಲೇ ಒಂದು ಕ್ಷಣ ಯೋಚಿಸುತ್ತಾರೆ. ಬಿರುದು ಬೇಕಿಲ್ಲ, ಪೈಲಟ್ ಕೈ ಬೀಸಬೇಕೆಂದೂ ಇಲ್ಲ.

"ಒಂದೇ ಆಸೆ," ಎನ್ನುತ್ತಾರೆ ಎಲ್ಫ್ರೀಡಾ, ಕೋಲುಗಳ ದೀಪ ಹೊತ್ತಿಸಿ. "ನಾನು ಹೊರಗೆ ನಿಂತಿರೋವರ್ಗೂ ನೀವು ಒಳಗೆ ಕೂತಿರಿ. ಅಷ್ಟೇ."